ಕಾರು ಒಂದು, ಲೆಕ್ಕ ಎರಡು

ವೃತ್ತಿಗೂ ಮನೆಗೂ ಒಂದೇ ಕಾರು ಬಳಸುವವರು ಅದರ ಪೆಟ್ರೋಲು, ವಿಮೆ, ರಿಪೇರಿ, ಸವಕಳಿಗಳಲ್ಲಿ ಎಷ್ಟನ್ನು ವ್ಯವಹಾರದ ಖರ್ಚೆಂದು ಆದಾಯದಿಂದ ಕಳೆಯಬಹುದು? 1961ರ ಆದಾಯ ತೆರಿಗೆ ಕಾಯ್ದೆಯ 38(2)ನೇ ಕಲಮು ಕೊಟ್ಟ ಉತ್ತರ ಚಿಕ್ಕದು: ಸ್ವತ್ತು ಪೂರ್ತಿಯಾಗಿ ವ್ಯವಹಾರಕ್ಕೇ ಬಳಕೆಯಾಗದಿದ್ದರೆ, ತೆರಿಗೆ ಅಧಿಕಾರಿ ನ್ಯಾಯವೆಂದು ನಿರ್ಧರಿಸಿದ ಪಾಲಿಗಷ್ಟೇ ಅವಕಾಶ. ಆ ಪಾಲನ್ನು ಯಾವ ದಾಖಲೆಯಿಂದ ತೋರಿಸಬೇಕೆಂದು ಕಲಮು ಹೇಳಲಿಲ್ಲ. ಲಾಗ್ ಬುಕ್ ಬೇಕೇ ಬೇಡವೇ ಎಂಬ ವಾದ ಹುಟ್ಟುವುದು ಇಲ್ಲಿಂದ.

ಬೇಕು ಎನ್ನುವವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಖರ್ಚು ತೋರಿಸುವವರೇ ಅದನ್ನು ರುಜುವಾತುಪಡಿಸಬೇಕು ಎಂಬುದು ತೆರಿಗೆ ಕಾನೂನಿನ ಹಳೆಯ ತತ್ವ. ಬಂಕಿನ ಬಿಲ್ಲಿನಿಂದ ಎಷ್ಟು ಪೆಟ್ರೋಲು ಹಾಕಿಸಿದರೆಂಬುದು ತಿಳಿಯುತ್ತದೆ. ಗಾಡಿ ಸೈಟಿಗೆ ಹೋಯಿತೋ ನೆಂಟರ ಮದುವೆಗೆ ಹೋಯಿತೋ ತಿಳಿಯುವುದಿಲ್ಲ. ಸ್ವಂತ ಗಾಡಿಯಲ್ಲಿ ಕೆಲಸಕ್ಕೆ ಹೋಗಿಬರುವ ಸಂಬಳದಾರರು ಸಾಮಾನ್ಯವಾಗಿ ತೆರಿಗೆ ಕಟ್ಟಿ ಉಳಿದ ಹಣದಲ್ಲೇ ಪೆಟ್ರೋಲು ಹಾಕಿಸುತ್ತಾರೆ. ಪಕ್ಕದ ಮನೆಯವರ ಪ್ರವಾಸದ ಖರ್ಚು ಅಂಗಡಿಯ ಲೆಕ್ಕಕ್ಕೆ ಸೇರಿದರೆ ಅವರಿಗೆ ಅನ್ಯಾಯವಾದಂತೆಯೇ.

ಬೇಡ ಎನ್ನುವವರು ಎತ್ತುವ ಪ್ರಶ್ನೆ ಬೇರೆ: ಬರೆಯುವವರು ಯಾರು? ದೊಡ್ಡ ಸಂಸ್ಥೆಗೆ ಲೆಕ್ಕ ಬರೆಯುವ ಸಿಬ್ಬಂದಿ ಇರುತ್ತಾರೆ. ಒಬ್ಬಂಟಿಯಾಗಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್, ರಾತ್ರಿ ಕರೆ ಬಂದರೆ ಹಳ್ಳಿಗೆ ಧಾವಿಸುವ ವೈದ್ಯರು ಪ್ರತಿ ಓಡಾಟಕ್ಕೂ ತಾರೀಖು, ಸ್ಥಳ, ಕಿಲೋಮೀಟರ್ ಬರೆದಿಡುವುದು ಕಷ್ಟ. ಅದಕ್ಕಿಂತ ಮುಖ್ಯವಾದ ಆಕ್ಷೇಪವೊಂದಿದೆ. ವರ್ಷದ ಕೊನೆಗೆ ಆಡಿಟರ್ ಕಚೇರಿಯಲ್ಲಿ ಕೂತು ಒಂದೇ ಪೆನ್ನಿನಲ್ಲಿ ತುಂಬಿಸಿದ ಪುಸ್ತಕ ನೋಡಲು ಅಚ್ಚುಕಟ್ಟಾಗಿರುತ್ತದೆ. ಪ್ರಾಮಾಣಿಕವಾಗಿ ಬರೆದದ್ದರಲ್ಲಿ ನಡುನಡುವೆ ದಿನಗಳು ಬಿಟ್ಟುಹೋಗಿರುತ್ತವೆ. ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಎರಡನೆಯದು. ಅಮೆರಿಕದ ಸಂಸತ್ತು 1984ರಲ್ಲಿ, ವಾಹನ ಬಳಸಿದ ಹೊತ್ತಿನಲ್ಲೇ ದಾಖಲೆ ಬರೆದಿಡಬೇಕೆಂದು ಕಾನೂನು ಮಾಡಿತು. ವಿರೋಧ ಎಷ್ಟು ಜೋರಾಗಿತ್ತೆಂದರೆ 1985ರಲ್ಲೇ ಅದನ್ನು ರದ್ದುಮಾಡಬೇಕಾಯಿತು. ಆದರೂ ಪುರಾವೆ ಬೇಕೆಂಬ ನಿಯಮವನ್ನು ಆ ದೇಶ ಕೈಬಿಡಲಿಲ್ಲ.

ದಾಖಲೆ ಇಲ್ಲದಿದ್ದರೆ ನಿರ್ಧಾರ ಅಧಿಕಾರಿಯ ಅಂದಾಜಿಗೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಐದರಲ್ಲೊಂದು ಪಾಲು ಸ್ವಂತ ಬಳಕೆ ಎಂದು ಕತ್ತರಿಸುವುದು, ಮೇಲ್ಮನವಿಯಲ್ಲಿ ಅದು ಹತ್ತರಲ್ಲೊಂದಕ್ಕೆ ಇಳಿಯುವುದು ನಮ್ಮಲ್ಲಿ ಅಪರೂಪವಲ್ಲ. ಎರಡೂ ಅಂದಾಜುಗಳೇ, ಬಹುತೇಕ ಕೆಲಸಕ್ಕೇ ಗಾಡಿ ಓಡಿಸಿದವರಿಗೆ ಎರಡೂ ನಷ್ಟವೇ. ಫೋನೇ ಕಿಲೋಮೀಟರ್ ಬರೆದುಕೊಳ್ಳುವ ಕಾಲದಲ್ಲಿ ಬರೆಯುವ ಶ್ರಮ ಎಷ್ಟರದು ಎಂದು ಕೇಳಬಹುದು. ಆದರೆ ವಕೀಲರು ಯಾವ ಕಕ್ಷಿದಾರರ ಮನೆಗೆ, ವೈದ್ಯರು ಯಾವ ರೋಗಿಯ ಬಳಿಗೆ ಹೋದರೆಂಬ ಪೂರ್ತಿ ವಿವರವನ್ನು ಇಲಾಖೆಯ ಮುಂದಿಡುವುದು ಸರಿಯೇ ಎಂಬ ಶಂಕೆಗೆ ಫೋನಿನಲ್ಲಿ ಪರಿಹಾರವಿಲ್ಲ.

ಹಾಗಾದರೆ ಲೆಕ್ಕವನ್ನೇ ಬಿಟ್ಟು ನಿಗದಿತ ಮೊತ್ತಕ್ಕೆ ಹೋಗಬಹುದೇ? ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರಿಗೆ 44ಎಇ ಕಲಮು ಆ ದಾರಿ ತೆರೆಯಿತು. 12 ಟನ್ ಮೀರಿದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಉಳಿದವಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಒಪ್ಪಿದರೆ ಪುಸ್ತಕಗಳ ತಾಪತ್ರಯವಿಲ್ಲ. ಆದರೆ ಬಾಡಿಗೆ ಸಿಗದೆ ಶೆಡ್ಡಿನಲ್ಲಿ ನಿಂತ ತಿಂಗಳಿಗೂ ಅದೇ ಲೆಕ್ಕ. ಸರಳತೆಗೆ ತೆರುವ ಬೆಲೆ ಇದು.

ಮಧ್ಯದ ದಾರಿಯ ಮಾದರಿಯೊಂದು ನಮ್ಮ ಕಾನೂನಿನಲ್ಲೇ ಇತ್ತು. ಸಂಸ್ಥೆ ಕೊಟ್ಟ ಕಾರನ್ನು ನೌಕರರು ಕಚೇರಿಗೂ ಮನೆಗೂ ಬಳಸಿ, ಖರ್ಚನ್ನು ಸಂಸ್ಥೆಯೇ ಭರಿಸಿದರೆ, 1962ರ ನಿಯಮಗಳ ಪ್ರಕಾರ 1.6 ಲೀಟರ್‌ವರೆಗಿನ ಎಂಜಿನ್ನಿಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,400 ರೂಪಾಯಿ ಸೌಲಭ್ಯದ ಮೌಲ್ಯವೆಂದು ಸೇರುತ್ತಿತ್ತು. ಪ್ರಯಾಣದ ವಿವರ ಕೇಳುತ್ತಿರಲಿಲ್ಲ. ಪೂರ್ತಿ ಕಚೇರಿ ಕೆಲಸಕ್ಕೇ ಬಳಸಿದೆ ಎನ್ನುವುದಾದರೆ ಮಾತ್ರ ತಾರೀಖು, ಸ್ಥಳ, ದೂರ, ಖರ್ಚಿನ ದಾಖಲೆ ಬೇಕಿತ್ತು. ಒಂದೇ ಕಾರಿರುವ ಸಣ್ಣ ವೃತ್ತಿನಿರತರಿಗೂ ಇಂಥದ್ದೇ ಏರ್ಪಾಡು ಹೊಂದಬಹುದು ಎಂದು ತೋರುತ್ತದೆ: ನಿಗದಿತ ಪಾಲಿನವರೆಗೆ ಪ್ರಶ್ನೆಯಿಲ್ಲ, ಅದಕ್ಕಿಂತ ಹೆಚ್ಚು ಕೇಳುವವರು ಲಾಗ್ ಬುಕ್ ತೋರಿಸಲಿ. ಪಾಲು ಹೆಚ್ಚಾದರೆ ಬೊಕ್ಕಸಕ್ಕೆ ನಷ್ಟ, ಕಡಿಮೆಯಾದರೆ ಎಲ್ಲರೂ ಮತ್ತೆ ಪುಸ್ತಕಕ್ಕೇ ಮರಳುತ್ತಾರೆ; ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಅದನ್ನು ಪರಿಷ್ಕರಿಸಬೇಕು. ಎಷ್ಟೇ ಇರಲಿ, ಆ ಪಾಲು ನಿಯಮದಲ್ಲೇ ಅಚ್ಚಾಗಿರಬೇಕು, ಅಧಿಕಾರಿಯ ಅಂದಾಜಿಗೆ ಬಿಡಬಾರದು.