ಸೀರೆಗೊಂದು ಸಹಿ

ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಸವಣ್ಣ ಮನೆ ಬಿಟ್ಟ ಕಥೆಯನ್ನು ವೇದಿಕೆಯಲ್ಲಿ ಹೇಳುತ್ತೇವೆ. ಅಪ್ಪನ ಶಿವಗಣಾರಾಧನೆ ಮುಗಿದ ವಾರವೇ ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಇಳಕಲ್ ಸೀರೆ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ಪತ್ರದಲ್ಲಿ 'ಸ್ವಸಂತೋಷದಿಂದ' ಎಂದಿರುತ್ತದೆ. ಯಾರ ಸಂತೋಷ, ಶರಣರೇ? ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂದು ಅವಳಿಗೆ ಗೊತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ 2ನೇ ಕಲಮಿನಲ್ಲೇ ಲಿಂಗಾಯತರನ್ನು ಹೆಸರಿಸಿದೆ. (ಪ್ರತ್ಯೇಕ ಧರ್ಮದ ಹೋರಾಟ ಬೇರೆ ಮಾತು.) ಉಯಿಲಿಲ್ಲದೆ ತೀರಿದ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಅಂದಿನಿಂದಲೇ ಸಮಪಾಲು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಕೊಟ್ಟದ್ದು 2005ರ ತಿದ್ದುಪಡಿ. ಅಂದು ತಂದೆ ಬದುಕಿರಬೇಕಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಉಯಿಲಿಗೆ ಛಾಪಾ ಕಾಗದ ಬೇಡ. ಬಿಳಿ ಹಾಳೆ, ಇಬ್ಬರು ಸಾಕ್ಷಿಗಳು ಸಾಕು. ಸೇವೆಯಲ್ಲಿದ್ದಾಗ ನೂರಾರು ಅಂದಾಜುಪಟ್ಟಿ ಬರೆದ ನಾನು ಇದೊಂದು ಹಾಳೆಗೆ ಅರವತ್ತು ದಾಟುವವರೆಗೆ ಕಾದೆ. ಈಗ ಬರೆದಿದ್ದೇನೆ: ಮಗಳಿಗೂ ಮಗನಿಗೂ ಸಮಪಾಲು.