ಬಹುವಚನದ ಉರಿ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಮೈ ಬಿಸಿಯಾದವರು ‘ಉರಿ ಬಂದಾವ್ರಿ’ ಎನ್ನುವರು. ಜ್ವರವನ್ನು ಬಹುವಚನದಲ್ಲಿ ಹೇಳುವ ಈ ಆಡುಮಾತನ್ನು ಪಂಡಿತರು ಸ್ಖಾಲಿತ್ಯವೆಂದು ಎಣಿಸಿದರೂ ಎಣಿಸಬಹುದು. ನನಗಾದರೋ ಅದರಲ್ಲಿ ವೈದ್ಯಶಾಸ್ತ್ರದ ಒಂದು ಸತ್ಯವೇ ಅಡಗಿರುವಂತೆ ತೋರುತ್ತದೆ. ಜ್ವರವು ಸ್ವತಃ ರೋಗವಲ್ಲ. ರೋಗಾಣುವಿನ ಪ್ರವೇಶವನ್ನರಿತ ದೇಹವು, ಮೆದುಳಿನ ತಾಪನಿಯಾಮಕ ಕೇಂದ್ರದ ಮೂಲಕ, ತನ್ನ ಉಷ್ಣಮಾನವನ್ನು ತಾನೇ ಏರಿಸಿಕೊಳ್ಳುವ ಕ್ರಿಯೆ. ಪಾದರಸವು 103 ಡಿಗ್ರಿಯನ್ನು ದಾಟಿದ ಮೈಯಲ್ಲಿ ಮಲೇರಿಯವಿರಬಹುದು, ಡೆಂಗ್ಯೂ ಇರಬಹುದು, ವಿಷಮಶೀತಜ್ವರವಿರಬಹುದು, ಶ್ವಾಸಕೋಶದ ಇಲ್ಲವೆ ಮೂತ್ರಮಾರ್ಗದ ಸೋಂಕಿರಬಹುದು. ಉರಿಗಳು ಹೀಗೆ ಅನೇಕವಾಗಿದ್ದರೂ ಚಿಕಿತ್ಸೆ ಮಾತ್ರ ಏಕವಚನದಲ್ಲಿಯೇ ನಡೆದುಬಂದಿರುವುದು ನಮ್ಮ ದುರ್ದೈವ: ಒಂದು ಸೂಜಿ, ಒಂದು ಸಲಾಯಿನ್, ನಾಲ್ಕು ಗುಳಿಗೆ.

ಜ್ವರಕ್ಕೆ ಹೆಸರಿಡುವ ವಿದ್ಯೆಯ ಇತಿಹಾಸದಲ್ಲಿ ಒಂದು ಮಹತ್ತರ ಘಟನೆ ನಮ್ಮ ರೈಲುಹಳಿಯ ಇನ್ನೊಂದು ತುದಿಯಲ್ಲಿಯೇ ನಡೆಯಿತು. ನಿಜಾಮರ ಸಂಸ್ಥಾನವು ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲುಮಾರ್ಗವನ್ನು ತೆರೆಯಿತು. ಅದೇ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಅನಾಫಿಲಿಸ್ ಜಾತಿಯ ಸೊಳ್ಳೆಯ ಜಠರದಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡನು. 1902ರಲ್ಲಿ ನೊಬೆಲ್ ಪುರಸ್ಕಾರವನ್ನು ತಂದುಕೊಟ್ಟ ಆ ಶೋಧನೆಗೆ ಇಷ್ಟು ಸಮೀಪದಲ್ಲಿದ್ದ ಜನರು ಇಂದಿಗೂ ರಕ್ತಪರೀಕ್ಷೆಯಿಲ್ಲದೆಯೇ ಚಳಿಜ್ವರದ ಗುಳಿಗೆಯನ್ನು ನುಂಗಬೇಕಾಗಿ ಬರುವುದೆಂದರೆ ಮನಸ್ಸಿಗೆ ವ್ಯಥೆಯಾಗದೆ ಇರದು. ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿ ಹಬ್ಬಕ್ಕೆ ತಾಂಡಾಕ್ಕೆ ಮರಳುವ ಕೂಲಿಕಾರನು ಆ ಪರೋಪಜೀವಿಯನ್ನು ರಕ್ತದಲ್ಲಿ ಹೊತ್ತು ತಂದಿರಬಹುದಾದುದರಿಂದ, ಅವನ ಬೆರಳತುದಿಯ ಒಂದು ಹನಿ ರಕ್ತವು ಇಡಿಯ ಓಣಿಯ ಕ್ಷೇಮಕ್ಕೆ ಸಂಬಂಧಪಟ್ಟ ವಿಷಯ.

ನಲವತ್ತು ದಾಟಿದ ಯಾರೂ ಇಲ್ಲಿ 2006ನೆಯ ವರ್ಷವನ್ನು ಮರೆತಿರಲಾರರು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡ ಮೇಲೆ ಮೂರು ದಶಕಗಳ ಕಾಲ ಹೆಚ್ಚುಕಡಿಮೆ ಅಡಗಿದ್ದ ಚಿಕೂನ್‌ಗುನ್ಯವು 2005ರ ಕೊನೆಗೆ ಪುನಃ ತಲೆಯೆತ್ತಿದಾಗ, ಮೊದಲು ತುತ್ತಾದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗವೂ ಒಂದು. ಮರುವರ್ಷ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 13.9 ಲಕ್ಷ ಶಂಕಿತ ರೋಗಿಗಳಲ್ಲಿ ಏಳೂವರೆ ಲಕ್ಷ ಮಂದಿ ಕರ್ನಾಟಕದವರೇ ಆಗಿದ್ದರು. ಆಫ್ರಿಕದ ಮಕೊಂಡೆ ಭಾಷೆಯಲ್ಲಿ ‘ಮೈ ಬಾಗಿಸುವಂಥದು’ ಎಂಬರ್ಥದ ಆ ಹೆಸರನ್ನು ನಮ್ಮವರು ಅಕ್ಷರಶಃ ಅನುಭವಿಸಿದರು. ತೊಗರಿಯ ರಾಶಿ ಹೊತ್ತ ಭುಜಗಳು ತಿಂಗಳುಗಟ್ಟಲೆ ಒಂದು ಕೊಡ ನೀರನ್ನು ಎತ್ತಲಾರದಾದವು.

ಆ ನೀರಿನ ಕೊಡದಲ್ಲಿಯೇ ಸಮಸ್ಯೆಯ ಬೇರಿದೆ. ಡೆಂಗ್ಯೂ, ಚಿಕೂನ್‌ಗುನ್ಯಗಳನ್ನು ಹರಡುವ ಈಡಿಸ್ ಸೊಳ್ಳೆಯು ಕೊಳಚೆಗಿಂತ ತಿಳಿನೀರನ್ನೇ ಬಯಸತಕ್ಕದ್ದು, ಹಗಲಿನಲ್ಲಿ ಕಡಿಯತಕ್ಕದ್ದು, ಅದರ ತತ್ತಿಯು ಒಣಗಿದ ಪಾತ್ರೆಯ ಗೋಡೆಗಂಟಿ ತಿಂಗಳುಗಟ್ಟಲೆ ಬದುಕಿದ್ದು, ನೀರು ಸೋಂಕಿದ ಒಂದೆರಡು ವಾರಗಳಲ್ಲಿ ರೆಕ್ಕೆ ಪಡೆಯುವಂಥದು. ಕಾಗಿಣಾ, ಭೀಮಾ ನದಿಗಳು ಸಮೀಪದಲ್ಲಿಯೇ ಹರಿಯುತ್ತಿದ್ದರೂ ನಳದಲ್ಲಿ ನೀರು ದಿನ ಬಿಟ್ಟು ದಿನವೂ ಬಾರದ ಓಣಿಯ ಗೃಹಿಣಿಯು ಹರವಿ, ಹಂಡೆ, ಬ್ಯಾರೆಲುಗಳನ್ನು ತುಂಬಿಡದೆ ಏನು ಮಾಡಿಯಾಳು? ವಾರಕ್ಕೊಮ್ಮೆ ಪಾತ್ರೆಯನ್ನು ತಿಕ್ಕಿ ಒಣಗಿಸಿರೆಂದು ಆಕೆಗೆ ಉಪದೇಶಿಸುವುದು ಯುಕ್ತವೇ. ಆದರೆ ನಿತ್ಯ ನೀರು ಕೊಡಬೇಕಾದವರು ಕೊಡದೆ ಉಪದೇಶವನ್ನು ಮಾತ್ರ ಕೊಡುವುದು ಅನ್ಯಾಯ. ಶಹಾಬಾದಿನ ಫರಸಿಗಾಗಿ ತೋಡಿ ಬಿಟ್ಟ ಕಣಿಗಳ ಮಾತೂ ಇದೇ. ಮಳೆಗಾಲದಲ್ಲಿ ತುಂಬಿ ನಿಲ್ಲುವ ಆ ಹೊಂಡಗಳು ಅನಾಫಿಲಿಸಿಗೆ ತಾಣವಾಗಬಲ್ಲವು. ಕಲ್ಲೆತ್ತಿ ಲಾಭ ಪಡೆದವರಿಂದಲೇ ಅವುಗಳನ್ನು ಮುಚ್ಚಿಸುವುದು, ಆಗದಿದ್ದಲ್ಲಿ ಮರಿಹುಳುಗಳನ್ನು ತಿನ್ನುವ ಗ್ಯಾಂಬೂಸಿಯ, ಗಪ್ಪಿ ಮೀನುಗಳನ್ನು ಬಿಡಿಸುವುದು ಆಡಳಿತದ ಕರ್ತವ್ಯ.

ಡೆಂಗ್ಯೂವಿನ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅದರಲ್ಲಿ ಉರಿ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗಿ, ಮನೆಯವರು ನಿಟ್ಟುಸಿರುಬಿಟ್ಟ ಗಳಿಗೆಯಲ್ಲಿ, ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತ, ಅತಿಯಾದ ಮಂಕು ತಲೆದೋರಿದರೆ ಕ್ಷಣವೂ ತಡೆಯದೆ ದೊಡ್ಡ ದವಾಖಾನೆಗೆ ಒಯ್ಯತಕ್ಕದ್ದು. ಮೈಕೈ ನೋವಿಗೆಂದು ಹಾಕಿಸಿಕೊಳ್ಳುವ ಡೈಕ್ಲೊಫೆನಾಕ್ ಸೂಜಿಯಾಗಲಿ ಆಸ್ಪಿರಿನ್ ಗುಳಿಗೆಯಾಗಲಿ ಇಂಥವರಲ್ಲಿ ರಕ್ತಸ್ರಾವವನ್ನು ಪ್ರಚೋದಿಸಬಲ್ಲದು. ಪ್ಯಾರಾಸಿಟಮಾಲ್ ಒಂದೇ ಸಾಕು. ವಿಷಮಶೀತಜ್ವರದ ನಿರ್ಣಯಕ್ಕೆ ಎಲ್ಲೆಡೆಯೂ ಮಾಡಿಸುವ ವಿಡಾಲ್ ಪರೀಕ್ಷೆಯಾದರೋ ಹಿಂದೆಂದೋ ಆಗಿಹೋದ ಸೋಂಕಿಗೂ ಹೌದೆನ್ನುವಂಥದು. ರಕ್ತದಿಂದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯು ತಾಲೂಕಿನ ಮಟ್ಟದಲ್ಲಿಯೇ ದೊರಕುವಂತಾಗುವವರೆಗೆ ಪ್ರತಿಜೈವಿಕಗಳ ದುರ್ವ್ಯಯ ನಿಲ್ಲದು.

ಕಡೆಗೆ, ಜ್ವರವೇ ಅಲ್ಲದ ಉರಿ. ವೈಶಾಖದ ನಡುಹಗಲಿನಲ್ಲಿ ಕಣಿಯೊಳಗೆ ಕಲ್ಲು ಕೀಳುತ್ತಿದ್ದವನ ಮೈ 104 ಡಿಗ್ರಿಗೇರಿ, ಮಾತು ತೊದಲಿ, ಪ್ರಜ್ಞೆ ತಪ್ಪಿದರೆ ಅದು ಸೂರ್ಯಾಘಾತ. ಅಲ್ಲಿ ತಾಪನಿಯಾಮಕವೇ ಸೋತಿರುವುದರಿಂದ ಜ್ವರದ ಗುಳಿಗೆ ನಿರರ್ಥಕ. ಅವನನ್ನು ನೆರಳಿಗೆಳೆದು, ಅಂಗಿ ಕಳಚಿ, ತಲೆಯಿಂದ ಕಾಲವರೆಗೆ ನೀರು ಹೊಯ್ದು, ಬಿಡದೆ ಗಾಳಿ ಬೀಸುತ್ತಲೇ ದವಾಖಾನೆಯ ಗಾಡಿಯನ್ನು ಕರೆಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ಮಾತ್ರ ನೀರು ಬಿಡಕೂಡದು.