ಸೈನಿಕನ ಕಾಣದ ಗಾಯ

ದೀಪಾವಳಿಯ ರಾತ್ರಿ ಬೀದಿಯಲ್ಲಿ ಮಕ್ಕಳು ಪಟಾಕಿ ಹಚ್ಚಿ ನಲಿಯುತ್ತಿರುವಾಗ, ಸೇನೆಯಿಂದ ಬಿಡುಗಡೆ ಹೊಂದಿ ಊರಿಗೆ ಮರಳಿದ ತರುಣನೊಬ್ಬನು ಒಳಕೋಣೆಯ ಕದವಿಕ್ಕಿಕೊಂಡು, ಬೆವೆತು, ನಡುಗುತ್ತ ಕುಳಿತಿರುವನೆಂದು ಊಹಿಸಿಕೊಳ್ಳಿ. ಜಗುಲಿಯ ಮೇಲಿನವರು ಏನೆನ್ನುವರು? "ಗಡಿಯಲ್ಲಿ ಗುಂಡಿಗೆ ಎದೆಯೊಡ್ಡಿದವನು ಆನೆಪಟಾಕಿಗೆ ಅಂಜುತ್ತಾನೆ!" ಎಂದು ನಗುವವರೇ ಹೆಚ್ಚು. ಈ ನಗೆ ಅನ್ಯಾಯವಾದುದು ಮಾತ್ರವಲ್ಲ, ಅವೈಜ್ಞಾನಿಕವಾದುದೂ ಹೌದು.

ಒಂದನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟಿಷ್ ವೈದ್ಯರಾದ ಚಾರ್ಲ್ಸ್ ಮೈಯರ್ಸ್ ಎಂಬವರು ಮೂವರು ಸೈನಿಕರ ವೃತ್ತಾಂತವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಮೀಪದಲ್ಲಿ ಷೆಲ್ಲುಗಳು ಸಿಡಿದ ಬಳಿಕ ಅವರ ದೃಷ್ಟಿ ಕುಂದಿತ್ತು. ವಾಸನೆ, ರುಚಿ, ನೆನಪುಗಳು ಕೆಟ್ಟಿದ್ದುವು. ಈ ಸ್ಥಿತಿಗೆ 'ಷೆಲ್ ಷಾಕ್' ಎಂಬ ಹೆಸರು ಬಂದಿತು. ಸ್ಫೋಟದ ಒತ್ತಡದ ಅಲೆಯೇ ಇದಕ್ಕೆ ಕಾರಣವೆಂದು ಹಲವರು ಬಗೆದರು. ಆದರೆ ಸ್ಫೋಟದ ಬಳಿ ಸುಳಿಯದೆ ಇದ್ದವರಲ್ಲಿಯೂ ಇಂಥವೇ ಲಕ್ಷಣಗಳು ಕಾಣಿಸಿಕೊಂಡುವು. ಹಾಗಾದರೆ ಮನಸ್ಸಿಗೂ ಗಾಯವಾಗಬಲ್ಲುದು ಎಂದು ತೀರ್ಮಾನಿಸಬೇಕಾಗಿತ್ತು. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ರಿವರ್ಸ್ ಮೊದಲಾದ ವೈದ್ಯರು ಹಾಗೆಯೇ ತೀರ್ಮಾನಿಸಿ, ರೋಗಿಗಳಾದ ಸೇನಾಧಿಕಾರಿಗಳ ಮಾತನ್ನು ತಾಳ್ಮೆಯಿಂದ ಕೇಳಿ ಚಿಕಿತ್ಸೆ ನಡೆಸಿದರು. ಸೇನೆಯ ನ್ಯಾಯಾಲಯಗಳು ಮಾತ್ರ ಬೇರೆಯೇ ದಾರಿ ಹಿಡಿದುವು. ಹ್ಯಾರಿ ಫಾರ್ ಎಂಬ ಸಾಮಾನ್ಯ ಸೈನಿಕನು ಇದೇ ವ್ಯಾಧಿಗಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವನು. 1916ರಲ್ಲಿ ಅವನನ್ನು ಹೇಡಿಯೆಂದು ಗುಂಡಿಕ್ಕಿ ಕೊಂದರು. ಆ ಯುದ್ಧದಲ್ಲಿ ಹೇಡಿತನ, ಪಲಾಯನ ಮೊದಲಾದ ಅಪರಾಧಗಳಿಗಾಗಿ ಹೀಗೆ ಸತ್ತ 306 ಮಂದಿಗೆ ಬ್ರಿಟಿಷ್ ಸರಕಾರವು ಕ್ಷಮಾದಾನವಿತ್ತುದು 2006ರಲ್ಲಿ. ತೊಂಬತ್ತು ವರ್ಷ ತಡವಾದ ಕ್ಷಮೆ!

ವಿಯೆಟ್ನಾಮಿನಿಂದ ಹಿಂದಿರುಗಿದ ಸೈನಿಕರೂ ಅವರ ವೈದ್ಯರೂ ಪಟ್ಟುಹಿಡಿದುದರ ಫಲವಾಗಿ, 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು 'ಆಘಾತೋತ್ತರ ಒತ್ತಡದ ವ್ಯಾಧಿ'ಯನ್ನು ತನ್ನ ರೋಗವರ್ಗೀಕರಣದಲ್ಲಿ ಸೇರಿಸಿತು. ಕಳೆದುಹೋದ ಘಟನೆ ಕಣ್ಣೆದುರು ನಡೆಯುತ್ತಿರುವಂತೆ ಮರಳಿ ಬರುವುದು, ಅದನ್ನು ನೆನಪಿಗೆ ತರುವ ಸ್ಥಳಗಳಿಂದಲೂ ಜನರಿಂದಲೂ ದೂರ ಸರಿಯುವುದು, ನಿದ್ರೆಯಿಲ್ಲದೆ ಸದಾ ಎಚ್ಚರವಾಗಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು—ಇವು ಅದರ ಮುಖ್ಯ ಲಕ್ಷಣಗಳು. ಅಪಾಯವನ್ನು ಸಾರುವ ಮಿದುಳಿನ ಭಾಗಗಳು ಅಪಾಯ ಕಳೆದ ಮೇಲೂ ಸುಮ್ಮನಾಗುವುದಿಲ್ಲ. ರಣರಂಗದಲ್ಲಿ ಪ್ರಾಣ ಉಳಿಸಿದ ಎಚ್ಚರವೇ ಮನೆಯಲ್ಲಿ ಪ್ರಾಣ ಹಿಂಡುತ್ತದೆ.

ನನ್ನ ವಿಷಯವಾದ ಭೌತಶಾಸ್ತ್ರದಿಂದ ಒಂದು ಹೋಲಿಕೆ ಕೊಡಬಹುದು. ಉಕ್ಕಿನ ಸಲಾಕೆಯನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಹೊರತೆಗೆದರೆ, ಕ್ಷೇತ್ರವಿಲ್ಲದಿದ್ದರೂ ಅದರಲ್ಲಿ ಕಾಂತತ್ವ ಉಳಿದಿರುತ್ತದೆ. ಇದಕ್ಕಾಗಿ ಉಕ್ಕನ್ನು ಯಾರೂ ನಿಂದಿಸುವುದಿಲ್ಲ. ಅದನ್ನು ಮೊದಲಿನ ಸ್ಥಿತಿಗೆ ತರಬೇಕಾದರೆ, ದಿಕ್ಕು ಬದಲಿಸುತ್ತ ಕ್ರಮೇಣ ಕ್ಷೀಣಿಸುವ ಕ್ಷೇತ್ರಕ್ಕೆ ಒಳಪಡಿಸಬೇಕಾಗುತ್ತದೆ. ಮನುಷ್ಯನು ಉಕ್ಕಲ್ಲ, ನಿಜ. ಆದರೆ ಯುದ್ಧಭೂಮಿಯಿಂದ ಹೊರಬಂದ ಮಾತ್ರಕ್ಕೆ ಯುದ್ಧವು ಅವನಿಂದ ಹೊರಹೋಗುವುದಿಲ್ಲವೆಂಬುದಕ್ಕೆ ಈ ಹೋಲಿಕೆ ಸಾಕು.

ಇನ್ನೊಂದು ವಿಚಾರವೂ ಉಂಟು. 2016ರಲ್ಲಿ ಅಮೆರಿಕದ ಸಂಶೋಧಕರು, ಸ್ಫೋಟಗಳಿಗೆ ಸಿಲುಕಿ ಮುಂದೆ ತೀರಿಕೊಂಡ ಕೆಲವು ಸೈನಿಕರ ಮಿದುಳುಗಳನ್ನು ಪರೀಕ್ಷಿಸಿ, ದ್ರವವೂ ಅಂಗಾಂಶವೂ ಸಂಧಿಸುವೆಡೆಗಳಲ್ಲಿ ವಿಶಿಷ್ಟವಾದ ಕಲೆಗಳನ್ನು ಕಂಡರು. ಸಾಂದ್ರತೆ ಬದಲಾಗುವ ಗಡಿಗಳಲ್ಲಿ ಒತ್ತಡದ ಅಲೆಯ ಪರಿಣಾಮ ತೀವ್ರವಾಗಿರುವುದು ಸಹಜವೇ. 1915ರ ಊಹೆಯಲ್ಲಿ ಸತ್ಯಾಂಶವಿತ್ತೆಂದು ಇದರಿಂದ ತೋರುತ್ತದೆ. ಆದರೆ ಕಲೆ ಕಂಡರೆ ನಂಬುತ್ತೇವೆ, ಇಲ್ಲದಿದ್ದರೆ ಹೇಡಿತನವೆನ್ನುತ್ತೇವೆ ಎಂಬ ವಾದವನ್ನು ನಾನು ಒಪ್ಪಲಾರೆ. ಉಪಕರಣಕ್ಕೆ ಕಾಣದುದೆಲ್ಲ ಇಲ್ಲವೆನ್ನುವುದು ವಿಜ್ಞಾನದ ರೀತಿಯಲ್ಲ.

ಈ ಮಾತು ನಮ್ಮ ನಾಡಿಗೂ ಸಂಬಂಧಿಸಿದುದು. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯು ನಾಲ್ಕು ವರ್ಷಗಳ ಸೇವೆಯನ್ನು ಗೊತ್ತುಪಡಿಸಿ, ಶೇಕಡಾ 25ರಷ್ಟು ಮಂದಿಯನ್ನು ಮಾತ್ರ ಉಳಿಸಿಕೊಳ್ಳುವುದೆಂದು ಸಾರಿತು. ಹಾಗೆ ಬಿಡುಗಡೆಯಾಗುವವರಲ್ಲಿ ಬಹುಮಂದಿ ಇಪ್ಪತ್ತೈದರ ಆಚೀಚಿನ ತರುಣರು. ಕೊಡಗಿನ ತೋಟಗಳಿಗೆ, ಬೆಳಗಾವಿಯ ಹಳ್ಳಿಗಳಿಗೆ ಇಂಥವರು ಮರಳುವಾಗ ಅವರಿಗೆ ಉದ್ಯೋಗವೊಂದನ್ನು ತೋರಿಸಿದರೆ ಸಾಲದು. ಎಲ್ಲರೂ ಈ ವ್ಯಾಧಿಗೆ ತುತ್ತಾಗುವುದಿಲ್ಲ. ಹೆಚ್ಚಿನವರು ನೆಮ್ಮದಿಯಾಗಿಯೇ ಬಾಳುವರು. ಆದರೂ ಯೋಧರ ಸಂಗಾತವನ್ನೂ, ದಿನಚರಿಯನ್ನೂ, ಸಮವಸ್ತ್ರದ ಗೌರವವನ್ನೂ ಒಂದೇ ದಿನದಲ್ಲಿ ಕಳೆದುಕೊಳ್ಳುವುದು ಸಾಮಾನ್ಯ ನಷ್ಟವಲ್ಲ. ನಾಗರಿಕನನ್ನು ಸೈನಿಕನನ್ನಾಗಿ ಮಾಡಲು ತಿಂಗಳುಗಟ್ಟಲೆ ಶಿಕ್ಷಣ ಕೊಡುವ ನಾವು, ಅವನು ಮತ್ತೆ ನಾಗರಿಕನಾಗಲೂ ಕಾಲಾವಕಾಶವನ್ನೂ ಮಾರ್ಗದರ್ಶನವನ್ನೂ ಒದಗಿಸಬೇಕು. ಬಿಡುಗಡೆಯ ವೇಳೆಗೂ, ಮತ್ತೆ ವರ್ಷವೊಂದು ಕಳೆದ ಮೇಲೂ, ದೇಹದೊಡನೆ ಮನಸ್ಸಿನ ಪರೀಕ್ಷೆಯೂ ನಡೆಯಬೇಕೆಂಬುದು ನನ್ನ ಅಭಿಪ್ರಾಯ.

ವ್ಯಾಧಿಗೆ ಚಿಕಿತ್ಸೆ ಇಲ್ಲದಿಲ್ಲ. ನುರಿತವರ ಮುಂದೆ ಆ ನೆನಪುಗಳನ್ನು ಮೆಲ್ಲಮೆಲ್ಲನೆ ಎದುರಿಸುವ ಕ್ರಮದಿಂದಲೂ, ಕೆಲವು ಔಷಧಗಳಿಂದಲೂ ಅನೇಕರು ಗುಣಹೊಂದಿದ್ದಾರೆ. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ 'ಟೆಲಿ-ಮಾನಸ್' ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಕೇಳುವುದು ನಾಚಿಕೆಯ ಕೆಲಸವೆಂಬ ಭಾವನೆ ಮೊದಲು ಹೋಗಬೇಕು. ಅದನ್ನು ಹೋಗಲಾಡಿಸುವ ಹೊಣೆ ಸೈನಿಕನದಲ್ಲ, ಜಗುಲಿಯ ಮೇಲೆ ಕುಳಿತ ನಮ್ಮದು.